ಪಾಠದ ವಿಡಿಯೋ ಮುಚ್ಚಿ, ಇಡೀ ರಾತ್ರಿಯ ಆಟ ತೆರೆಯಿರಿ

ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು ಯಕ್ಷಗಾನ ಮೇಳಕ್ಕೆ ಬಂದದ್ದು ಹಾಡಲಿಕ್ಕಲ್ಲ, ಕರೆಂಟಿನ ಕೆಲಸಕ್ಕೆ. ಗೋಕರ್ಣದವರಾದ ಅವರು ಕೋಟದ ಅಮೃತೇಶ್ವರಿ ಮೇಳದ ದೀಪದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಆ ಮೇಳದಲ್ಲಿ ನಾರ್ಣಪ್ಪ ಉಪ್ಪೂರರ ಭಾಗವತಿಕೆ. ಲೈಟು ಹಾಕಿದವರಿಗೆ ಬೆಳಗಿನವರೆಗೆ ರಂಗಸ್ಥಳ ಬಿಟ್ಟು ಹೋಗುವಂತಿಲ್ಲ, ಕಿವಿ ತೆರೆದೇ ಇರುತ್ತದೆ. ಉಪ್ಪೂರರು ಅವರನ್ನು ಗುರುತಿಸಿ ಶಿಷ್ಯನನ್ನಾಗಿ ಮಾಡಿಕೊಂಡರು. ಮುಂದೆ ಪೆರ್ಡೂರು ಮೇಳದಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಹಾಡಿದ ಧಾರೇಶ್ವರರು ಬೈಂದೂರು ತಾಲೂಕಿನ ಕಿರಿಮಂಜೇಶ್ವರದಲ್ಲಿ ನೆಲೆಸಿ, 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈ ಸಂಗತಿಯನ್ನು ನಾನು ಮತ್ತೆ ನೆನೆದದ್ದು ಒಬ್ಬ ಹುಡುಗನ ಪ್ರಶ್ನೆಯಿಂದ. ಬೈಂದೂರಿನ ಕಡೆಯವನು. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ, ಸಂಜೆ ಭಜನೆ, ಮದುವೆ ಮನೆಯಲ್ಲಿ ಕೀಬೋರ್ಡು, ಈಗ ಭಾಗವತಿಕೆಯ ಆಸೆ. ಯಾವ ಮೇಳಕ್ಕೂ ಸೇರಿದವನಲ್ಲ, ಸೇರುವ ಸ್ಥಿತಿಯಲ್ಲೂ ಇಲ್ಲ. "ಮಾಷ್ಟ್ರೆ, ಭಾಗವತಿಕಿ ಕಲೂಕೆ ಯಾವ್ ಚಾನೆಲ್ ಕಾಣ್ಕ್?" ಎಂದು ಕೇಳಿದ. ಹೈಸ್ಕೂಲಿನಲ್ಲಿ ಪಾಠ ಹೇಳಿ, ರಜೆಯಲ್ಲಿ ತಾಳಮದ್ದಳೆಗೆ ಹೋಗಿ ಹಾಡುವ ನನಗೆ ಇಂಥ ಪ್ರಶ್ನೆ ಹೊಸತಲ್ಲ. ಆದರೆ ಅವನಿಗೆ ನಮ್ಮ ಊರಿನಲ್ಲಿ ಈಗಾಗಲೇ ಸಿಕ್ಕಿದ್ದ ಎರಡು ಉತ್ತರಗಳು ನನ್ನನ್ನು ಯೋಚನೆಗೆ ಹಚ್ಚಿದವು.

ಮೊದಲನೆಯದು ಅವನ ಗೆಳೆಯರದು. ಅಂತರ್ಜಾಲದಲ್ಲಿ ಎಲ್ಲ ಇದೆ, ಒಳ್ಳೆಯ ಪಾಠದ ಚಾನೆಲ್ ಹುಡುಕಿ ದಿನಕ್ಕೊಂದು ವಿಡಿಯೋ ನೋಡು, ಆರು ತಿಂಗಳಲ್ಲಿ ಹಾಡುತ್ತಿ. ಎರಡನೆಯದು ಹಿರಿಯರದು. ಮೊಬೈಲಿನಿಂದ ವಿದ್ಯೆ ಬರುವುದಿಲ್ಲ, ಗುರುವಿನ ಎದುರು ಕೂರಬೇಕು, ಅದಾಗದಿದ್ದರೆ ಆಸೆ ಬಿಡು. ಇಬ್ಬರೂ ಕಾಳಜಿಯಿಂದಲೇ ಹೇಳಿದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯದ ಪಾಲಿದೆ. ಆದರೂ ನನಗೆ ಎರಡನ್ನೂ ಒಪ್ಪಲಾಗುತ್ತಿಲ್ಲ. ಏಕೆಂದರೆ ಇಬ್ಬರೂ ಒಂದೇ ವಿಷಯವನ್ನು ಪ್ರಶ್ನೆಯಿಲ್ಲದೆ ನಂಬಿದ್ದಾರೆ: ಕಲಿಯುವುದೆಂದರೆ ಪಾಠ ಹೇಳಿಸಿಕೊಳ್ಳುವುದು ಎಂದು. ಗೆಳೆಯರು ಪಾಠವನ್ನು ಮೊಬೈಲಿನಲ್ಲಿ ಹುಡುಕುತ್ತಾರೆ, ಹಿರಿಯರು ಜಗಲಿಯಲ್ಲಿ. ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆಯ ಸ್ವತಂತ್ರ ಸಂಗೀತಗಾರನಿಗೆ ಅಂತರ್ಜಾಲದಲ್ಲಿ ಅತ್ಯಂತ ಉಪಯೋಗಕ್ಕೆ ಬರುವುದು ಪಾಠವೆಂದು ಯಾರೂ ಮಾಡದೆ ಇದ್ದದ್ದು. ಪಾಠವೆಂದು ತಯಾರಾದದ್ದು ಅದರ ನಂತರ, ತುಂಬ ನಂತರ.

ಇದಕ್ಕೊಂದು ವಿನಾಯಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕ ಸಂಗೀತದ ಆರಂಭದ ಹಂತಕ್ಕೆ ಪಾಠದ ವಿಡಿಯೋಗಳು ನಿಜವಾಗಿ ಸಹಾಯ ಮಾಡುತ್ತವೆ. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಕ್ರಮ ನೂರಾರು ವರ್ಷದಿಂದ ನಿಂತು ಬಂದದ್ದು. ಯಾರು ಹೇಳಿಕೊಟ್ಟರೂ ಮಾಯಾಮಾಳವಗೌಳದಲ್ಲೇ ಶುರು, ಸ್ವರಲಿಪಿ ಇದೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಎಲ್ಲಿ ಕ್ರಮ ಗಟ್ಟಿಯಾಗಿದೆಯೋ ಅಲ್ಲಿ ಪಾಠವನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಬಹುದು. ಕೀಬೋರ್ಡಿನ ಬೆರಳಭ್ಯಾಸಕ್ಕೂ ಇದೇ ಮಾತು. ಆ ಹುಡುಗ ಕೀಬೋರ್ಡು ಕಲಿತದ್ದೂ ಹಾಗೆಯೇ, ಚೆನ್ನಾಗಿಯೇ ಕಲಿತಿದ್ದಾನೆ.

ಭಾಗವತಿಕೆ ಹಾಗಲ್ಲ. ಪದ್ಯದ ಧಾಟಿ, ತಾಳ, ರಾಗ ಇವೆಲ್ಲ ಅದರ ಅರ್ಧ. ಉಳಿದ ಅರ್ಧ ಎದುರಿಗೆ ಕುಣಿಯುವ ವೇಷದಲ್ಲಿದೆ. ವೇಷಧಾರಿ ಎಷ್ಟು ಹೊತ್ತು ಅಭಿನಯಿಸುತ್ತಾನೆ, ಯಾವ ಸಾಲನ್ನು ಮತ್ತೆ ಎತ್ತಿಕೊಡಬೇಕು, ಮದ್ದಳೆಯವರಿಗೆ ಯಾವಾಗ ಬಿಟ್ಟುಕೊಡಬೇಕು, ಕಾಲ ಯಾವಾಗ ಏರಿಸಬೇಕು, ಎಲ್ಲಿ ಮುಕ್ತಾಯ ಮಾಡಿ ಅರ್ಥಕ್ಕೆ ಅವಕಾಶ ಕೊಡಬೇಕು, ಅರ್ಥ ಎಳೆದಾಗ ಮುಂದಿನ ಪದ್ಯ ಯಾವ ಮಾತಿನ ಮೇಲೆ ಎತ್ತಬೇಕು: ಇದನ್ನೆಲ್ಲ ಅಲ್ಲಲ್ಲೇ ನಿರ್ಧರಿಸುವವನು ಭಾಗವತ. ಕೋಣೆಯೊಳಗೆ ಕುಳಿತು ಒಂದು ಪದ್ಯವನ್ನು ನಾಲ್ಕು ನಿಮಿಷದಲ್ಲಿ ಹೇಳಿಕೊಡುವ ವಿಡಿಯೋದಲ್ಲಿ ವೇಷವಿಲ್ಲ. ಅಲ್ಲಿ ಕಲಿತವನು ಪದ್ಯ ಹಾಡುತ್ತಾನೆ, ಆಟ ಆಡಿಸಲು ಬರುವುದಿಲ್ಲ.

ಹಿಂದಿನವರು ಹೇಗೆ ಕಲಿತರು ಎಂದು ಸ್ವಲ್ಪ ಸಾವಧಾನದಿಂದ ನೋಡಬೇಕು. ಗುರುಮುಖದ ಪಾಠ ಅದರಲ್ಲಿ ಒಂದು ತುಣುಕು ಮಾತ್ರ. ನವರಾತ್ರಿಯ ಹೊತ್ತಿಗೆ ಕೋಟ, ಬ್ರಹ್ಮಾವರದ ಸುತ್ತ ಹೂವಿನಕೋಲು ಮನೆಮನೆಗೆ ಬರುತ್ತಿತ್ತು. ಒಬ್ಬ ಭಾಗವತರು, ಮದ್ದಳೆ, ಹೂ ಕಟ್ಟಿದ ಕೋಲು ಹಿಡಿದ ಇಬ್ಬರು ಹುಡುಗರು. ಎಷ್ಟೋ ಮಕ್ಕಳ ಕಿವಿಗೆ ಪ್ರಸಂಗದ ಪದ್ಯ ಬಿದ್ದದ್ದು ಅಲ್ಲಿ. ಆಮೇಲೆ ಕೇಳ್ಮೆ: ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡುವುದು. ಮೇಳ ಸೇರಿದ ಮೇಲೂ ಹೊಸಬನನ್ನು ನೇರ ಪ್ರಸಂಗಕ್ಕೆ ಕೂರಿಸುತ್ತಿರಲಿಲ್ಲ. ಅವನು ಸಂಗೀತಗಾರ, ಪೂರ್ವರಂಗದ ಬಾಲಗೋಪಾಲ, ಸ್ತ್ರೀವೇಷದ ಪದ್ಯಗಳನ್ನು ಹಾಡಿ, ಪ್ರಧಾನ ಭಾಗವತರು ಬಂದು ಕೂತ ಮೇಲೆ ಪಕ್ಕಕ್ಕೆ ಸರಿದು ಇಡೀ ರಾತ್ರಿ ಕೇಳುತ್ತಿದ್ದ. ದೀಪಾವಳಿಯ ನಂತರ ಹೊರಟ ಮೇಳ ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚುವವರೆಗೆ ಪ್ರತಿ ರಾತ್ರಿಯೂ ಹೀಗೆ. ಗುಂಡ್ಮಿಯ ಕಾಳಿಂಗ ನಾವಡರು ಭಾಗವತರ ಮನೆಯಲ್ಲೇ ಹುಟ್ಟಿದವರು, ಉಪ್ಪೂರರಲ್ಲಿ ಕಲಿತವರು. ಅವರೂ ಸಂಗೀತಗಾರನ ಜಾಗದಿಂದಲೇ ಮೇಲೆ ಬಂದರು.

ನಂತರ ಬಂದ ಶಾಲೆಗಳೂ ಈ ಕ್ರಮವನ್ನು ಬಿಡಲಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಆರಂಭವಾಯಿತು, ಶಿವರಾಮ ಕಾರಂತರು ಅದಕ್ಕೆ ಬೆನ್ನಾಗಿ ನಿಂತರು. ಹಂಗಾರಕಟ್ಟೆಯ ಕಲಾಕೇಂದ್ರ ನಮ್ಮ ಬ್ರಹ್ಮಾವರದ ಮಗ್ಗುಲಲ್ಲೇ ಇದೆ. ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಇವೆಲ್ಲ ಕಡೆ ತರಗತಿ ಇತ್ತು, ಆದರೆ ತರಗತಿಯ ಗೋಡೆಯಾಚೆ ಆಟವೂ ಇತ್ತು. ಮಗು ಬೆಳಿಗ್ಗೆ ತಿತ್ತಿತ್ತೈ ಕಲಿತು, ಅದೇ ವಾರ ರಂಗಸ್ಥಳದಲ್ಲಿ ಅದು ಹೇಗೆ ಬೇರೆಯಾಗಿ ಕೇಳಿಸುತ್ತದೆಂದು ಕಂಡುಕೊಳ್ಳುತ್ತಿತ್ತು.

ಹಾಗಾದರೆ ಅಂತರ್ಜಾಲ ಇದರಲ್ಲಿ ಯಾವ ಭಾಗವನ್ನು ಕೊಡಬಲ್ಲದು? ಗುರುವಿನ ಭಾಗವನ್ನಲ್ಲ. ಸಂಗೀತಗಾರನ ಆ ಪಕ್ಕದ ಜಾಗವನ್ನು ಕೊಡಬಲ್ಲದು. ಇಂದು ನಮ್ಮ ಬಡಗುತಿಟ್ಟಿನ ಮೇಳಗಳ ಎಷ್ಟೋ ಆಟಗಳು ನೇರಪ್ರಸಾರವಾಗುತ್ತವೆ. ಚೌಕಿಪೂಜೆಯಿಂದ ಮಂಗಳದವರೆಗೆ, ಕತ್ತರಿ ಹಾಕದೆ, ಏಳೆಂಟು ಗಂಟೆ. ಹರಕೆ ಆಟದ ಮನೆಯವರು ದೂರದ ಮುಂಬಯಿ, ಬೆಂಗಳೂರಿನ ನೆಂಟರಿಗಾಗಿ ಮಾಡಿಸಿದ ಪ್ರಸಾರ ಅದು. ಯಾರಿಗೂ ಪಾಠ ಹೇಳುವ ಉದ್ದೇಶ ಅದಕ್ಕಿಲ್ಲ. ಹಾಗಾಗಿಯೇ ಅದರಲ್ಲಿ ಎಲ್ಲವೂ ಇದೆ. ಭಾಗವತರು ತಪ್ಪಿದ್ದು, ಸರಿಪಡಿಸಿಕೊಂಡದ್ದು, ವೇಷ ತಡವಾಗಿ ಬಂದಾಗ ಪದ್ಯ ಎಳೆದದ್ದು, ಬೆಳಗಿನ ಜಾವ ಗಂಟಲು ದಣಿದಾಗ ಯಾವ ರಾಗಕ್ಕೆ ಹೋದರು ಎಂಬುದು. ಪಾಠದ ವಿಡಿಯೋ ಮಾಡುವವರು ಇವನ್ನೇ ಕತ್ತರಿಸಿ ತೆಗೆಯುತ್ತಾರೆ.

ಆ ಹುಡುಗನಿಗೆ ನಾನು ಹೇಳಿದ್ದು ಹೀಗೆ. ಒಂದೇ ಪ್ರಸಂಗ ಹಿಡಿದುಕೊ. ಭೀಷ್ಮ ವಿಜಯವನ್ನೇ ತಗೊ. ಮೊದಲು ಪ್ರಸಂಗದ ಪ್ರತಿ ಬೇಕು. ಒಂದು ಕಾಲದಲ್ಲಿ ಅದಕ್ಕಾಗಿ ರಥಬೀದಿಯ ಅಂಗಡಿ, ಹಳೆಯ ಭಾಗವತರ ಮನೆಯ ಪೆಟ್ಟಿಗೆ ಹುಡುಕಬೇಕಿತ್ತು. ಈಗ ಯಕ್ಷವಾಹಿನಿ ಎಂಬ ಸಂಸ್ಥೆಯ ಸ್ವಯಂಸೇವಕರು ಪ್ರಸಂಗ ಪ್ರತಿಗಳನ್ನು ಕಲೆಹಾಕಿ, ಹಲವನ್ನು ಮತ್ತೆ ಟೈಪು ಮಾಡಿ, ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಯಕ್ಷಗಾನ ಕಲಿಯುವವನಿಗೆ ಅಂತರ್ಜಾಲದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಾಗಿಲ್ಲ. ಪ್ರತಿ ಪದ್ಯದ ನೆತ್ತಿಯಲ್ಲಿ ರಾಗ, ತಾಳದ ಹೆಸರಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಇಡೀ ರಾತ್ರಿಯ ಒಂದು ಆಟವನ್ನು ಕೇಳು. ಪುಸ್ತಕದಲ್ಲಿದ್ದ ಯಾವ ಪದ್ಯ ಬಿಟ್ಟರು, ಯಾವುದರ ರಾಗ ಬದಲಿಸಿದರು ಎಂದು ಪೆನ್ಸಿಲಿನಲ್ಲಿ ಗುರುತು ಮಾಡು. ತಾಳವನ್ನು ಕೈಯಲ್ಲಿ ಹಾಕುತ್ತಲೇ ಇರಬೇಕು: ಝಂಪೆಗೆ ಹತ್ತು ಅಕ್ಷರ, ತ್ರಿಪುಡೆಗೆ ಏಳು, ಅಷ್ಟಕ್ಕೆ ಹದಿನಾಲ್ಕು. ಲೆಕ್ಕ ತಪ್ಪಿದರೆ ವಿಡಿಯೋದ ವೇಗವನ್ನು ಮುಕ್ಕಾಲಿಗೆ ಇಳಿಸಬಹುದು, ಶ್ರುತಿ ಇಳಿಯುವುದಿಲ್ಲ. ಇದೇ ಪ್ರಸಂಗವನ್ನು ಇನ್ನೂ ಮೂವರು ಭಾಗವತರಲ್ಲಿ ಕೇಳು. ಅಂಬೆಯ ಒಂದೇ ಪದ್ಯವನ್ನು ನಾಲ್ವರು ನಾಲ್ಕು ಕಡೆ ನಿಲ್ಲಿಸುತ್ತಾರೆ. ಏಕೆ ಅಲ್ಲಿ ನಿಲ್ಲಿಸಿದರು ಎಂದು ಕೇಳಿಕೊಂಡ ದಿನ ನೀನು ಕಲಿಯಲು ಶುರು ಮಾಡಿದ್ದಿ.

ಹುಡುಕುವುದನ್ನೂ ಕಲಿಯಬೇಕು. 'ಯಕ್ಷಗಾನ ಸೂಪರ್ ಪದ್ಯ' ಎಂದು ಕೇಳಿದರೆ ಯಂತ್ರ ನಿಮ್ಮ ಮುಂದೆ ತರುವುದು ಮೂರು ನಿಮಿಷದ ತುಣುಕು: ಏರು ಶ್ರುತಿ, ಉದ್ದ ಆಲಾಪ, ಸಿಳ್ಳೆ. ಅದನ್ನೇ ನಾಲ್ಕು ಸಲ ನೋಡಿದರೆ ಮುಂದೆ ಬರುವುದೆಲ್ಲ ಅದೇ ಜಾತಿಯದು. ಪ್ರಸಂಗದ ಹೆಸರು, ಮೇಳದ ಹೆಸರು, ಭಾಗವತರ ಹೆಸರು ಇವನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡು ಮೂರು ಬಗೆಯ ಕಾಗುಣಿತದಲ್ಲಿ ಬರೆದು ಹುಡುಕಬೇಕು. ಉದ್ದದ ವಿಡಿಯೋ ಮಾತ್ರ ತೋರಿಸು ಎಂದು ಆಯ್ಕೆ ಮಾಡಿಕೊಳ್ಳಬಹುದು. ನೂರೈವತ್ತು ಜನ ಮಾತ್ರ ನೋಡಿದ, ಮಸುಕು ಚಿತ್ರದ, ಯಾರೋ ಮೂಲೆಯಲ್ಲಿ ಕ್ಯಾಮೆರಾ ಇಟ್ಟು ಹಿಡಿದ ಆಟದಲ್ಲಿ ನನಗೆ ಸಿಕ್ಕಷ್ಟು ವಿದ್ಯೆ, ಲಕ್ಷ ಜನ ನೋಡಿದ ತುಣುಕಿನಲ್ಲಿ ಸಿಕ್ಕಿಲ್ಲ.

ಇಲ್ಲಿ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊಬೈಲು ಬಂದ ಮೇಲೆ ಎಲ್ಲರೂ ಒಬ್ಬರಂತೆಯೇ ಹಾಡುತ್ತಾರೆ, ಶೈಲಿಗಳು ಸತ್ತವು ಎನ್ನುತ್ತಾರೆ. ಅನುಕರಣೆ ಹೆಚ್ಚಿದೆ ಎಂಬುದು ನಿಜ. ಆದರೆ ಅದನ್ನು ಮೊಬೈಲು ಹುಟ್ಟಿಸಲಿಲ್ಲ. ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸಿನ ತರುಣ. ಅಷ್ಟರಲ್ಲೇ ಅವರ ಕ್ಯಾಸೆಟ್ಟುಗಳು ಕುಂದಾಪುರದ ಹೋಟೆಲು, ಬಸ್ಸು, ಬೀಡಿ ಕಟ್ಟುವ ಮನೆಗಳಲ್ಲೆಲ್ಲ ಹಾಡುತ್ತಿದ್ದವು. ಅವರ ನಂತರ ಬಂದ ಒಂದು ತಲೆಮಾರೇ ಅವರ ಕಂಠದ ತಿರುವುಗಳನ್ನು ಎತ್ತಿಕೊಂಡಿತು. ಆಗ ಅಂತರ್ಜಾಲ ಇರಲಿಲ್ಲ. ಅನುಕರಣೆಗೆ ಕಾರಣ ಯಂತ್ರಕ್ಕಿಂತ ಕೇಳ್ಮೆಯ ಬಡತನ. ಮನೆಯಲ್ಲಿ ನಾಲ್ಕೇ ಕ್ಯಾಸೆಟ್ಟು, ನಾಲ್ಕೂ ಒಬ್ಬರದೇ ಆದರೆ ಮಗ ಇನ್ನಾರಂತೆ ಹಾಡಿಯಾನು?

ಇಂದು ಮನಸ್ಸಿದ್ದವನಿಗೆ ಆ ಬಡತನ ಇಲ್ಲ. ಉಪ್ಪೂರರದೇ ಹಳೆಯ ಧ್ವನಿಮುದ್ರಣಗಳು ಸಿಗುತ್ತವೆ, ನಾವಡರು ಎಲ್ಲಿಂದ ಏನನ್ನು ತೆಗೆದುಕೊಂಡರು ಎಂದು ಶಿಷ್ಯನಿಂದ ಹಿಂದಕ್ಕೆ ಗುರುವಿನವರೆಗೆ ನಡೆಯಬಹುದು. ನೀಲಾವರದ ರಾಮಕೃಷ್ಣಯ್ಯನವರದು ಬೇರೆಯೇ ನಡೆ. ಹೊನ್ನಾವರದ ಕಡೆಗೆ ದಾಟಿದರೆ ಕಡತೋಕ ಮಂಜುನಾಥ ಭಾಗವತರು, ಕೆರೆಮನೆ ಮೇಳದ ನೆಬ್ಬೂರು ನಾರಾಯಣ ಭಾಗವತರು. ನೆಬ್ಬೂರರ ಹಾಡಿನಲ್ಲಿ ಕಂಠದ ಮೆರವಣಿಗೆ ಇಲ್ಲ. ವೇಷಕ್ಕೆ ಎಷ್ಟು ಬೇಕೋ ಅಷ್ಟು. ಕುಂದಾಪುರದ ಹುಡುಗನೊಬ್ಬ ಇವರೆಲ್ಲರನ್ನು ಒಂದೇ ವಾರದಲ್ಲಿ ಕೇಳುವುದು ಹಿಂದೆ ಸಾಧ್ಯವೇ ಇರಲಿಲ್ಲ. ಶೈಲಿ ಉಳಿಯಬೇಕೆಂದು ನಿಜವಾಗಿ ಬಯಸುವ ಹಿರಿಯರು ಮಕ್ಕಳ ಕೈಯಿಂದ ಮೊಬೈಲು ಕಸಿಯುವ ಬದಲು, ಅದರಲ್ಲಿ ಯಾರನ್ನು ಕೇಳಬೇಕೆಂದು ಹೇಳಿಕೊಟ್ಟರೆ ಉಪಕಾರ.

ಹಿರಿಯರ ಇನ್ನೊಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೇಳುವುದರಿಂದ ತಪ್ಪು ತಿದ್ದಿಹೋಗುವುದಿಲ್ಲ. ನಮ್ಮ ಕಂಠ ನಮಗೆ ಸರಿಯಾಗಿ ಕೇಳಿಸುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ನಾನು ಸ್ವರಶುದ್ಧಿಗಾಗಿ ಹಣ ಕಟ್ಟಿ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ವಿಡಿಯೋಗಳು ಅಂದವಾಗಿದ್ದವು, ಆರು ತಿಂಗಳು ಬಿಡದೆ ನೋಡಿದೆ. ಆ ಆರು ತಿಂಗಳಲ್ಲಿ ನನ್ನ ದನಿಯನ್ನು ಯಾರೂ ಒಮ್ಮೆಯೂ ಕೇಳಲಿಲ್ಲ. ನಂತರ ಒಂದು ತಾಳಮದ್ದಳೆಯಲ್ಲಿ ಪಕ್ಕದಲ್ಲಿದ್ದ ಹಿರಿಯ ಮದ್ದಳೆಗಾರರು, "ನೀವ್ ಮೇಲಿನ ಷಡ್ಜಕ್ಕೆ ಹೋಯ್ವತಿಗೆ ತಾಳ ಓಡ್ಸ್ತ್ರಿ" ಎಂದರು. ಕೋರ್ಸು ಹೇಳದ ದೋಷವನ್ನು ಅವರು ಒಂದು ವಾಕ್ಯದಲ್ಲಿ ಹೇಳಿದ್ದರು.

ದೂರದ ಗುರುಗಳಲ್ಲಿ ವಿಡಿಯೋ ಕರೆಯ ಮೂಲಕ ಕಲಿಯುವವರು ಈಗ ಬಹಳ, ಕೋವಿಡ್ ಕಾಲದಲ್ಲಿ ಶುರುವಾದದ್ದು ಹಾಗೇ ಉಳಿದಿದೆ. ಅದರಲ್ಲಿ ಯಾರೂ ಮೊದಲೇ ಹೇಳದ ಎರಡು ತೊಡಕುಗಳಿವೆ. ಒಂದು, ದನಿ ತಲುಪುವುದು ತಡ. ಸೆಕೆಂಡಿನ ಹತ್ತರಲ್ಲೊಂದು ಭಾಗ ತಡವಾದರೂ ಸಾಕು, ಗುರು ಆಚೆ ಮದ್ದಳೆ ನುಡಿಸಿ ಶಿಷ್ಯ ಈಚೆ ಹಾಡುವುದು ಕೂಡಿಬರುವುದಿಲ್ಲ. ಹಾಗಾಗಿ ಲಯದ ಪಾಠಕ್ಕೆ ಗುರುಗಳು ನುಡಿಸಿದ್ದನ್ನು ಮೊದಲೇ ಮುದ್ರಿಸಿ ಕಳಿಸಬೇಕು, ಶಿಷ್ಯ ಅದರ ಮೇಲೆ ಹಾಡಿ ಮುದ್ರಿಸಿ ಹಿಂದೆ ಕಳಿಸಬೇಕು. ಎರಡು, ಕರೆಯ ಆ್ಯಪುಗಳು ಮನುಷ್ಯರ ಮಾತಿಗೆ ಮಾಡಿದವು. ಶ್ರುತಿಪೆಟ್ಟಿಗೆಯ ಒಂದೇ ಸಮನೆಯ ನಾದವನ್ನು ಅವು ಫ್ಯಾನಿನ ಸದ್ದೆಂದು ಬಗೆದು ಅಳಿಸುತ್ತವೆ, ಚೆಂಡೆಯ ಪೆಟ್ಟನ್ನು ಗಲಾಟೆಯೆಂದು ಅದುಮುತ್ತವೆ. ಸದ್ದು ತಗ್ಗಿಸುವ ಆ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿದರೆ ಪಾಠ ಅರ್ಧ ಸುಧಾರಿಸುತ್ತದೆ. ಏನೇ ಮಾಡಿದರೂ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ನಿಮ್ಮ ದನಿ ಕೇಳಿ ತಪ್ಪು ಹೇಳುವ ಒಬ್ಬರು ಬೇಕು. ಅವರು ಹೆಸರಾಂತ ಭಾಗವತರೇ ಆಗಬೇಕಿಲ್ಲ. ಮೂವತ್ತು ವರ್ಷ ಮದ್ದಳೆ ಬಾರಿಸಿ ಮನೆಯಲ್ಲಿ ಕುಳಿತವರು ನಮ್ಮ ಪ್ರತಿ ಗ್ರಾಮದಲ್ಲೂ ಇದ್ದಾರೆ.

ಭಾಗವತಿಕೆಯ ಆಚೆಗೂ ಇದೇ ಮಾತು ಹೊಂದುತ್ತದೆ. ಕುಂದಾಪ್ರ ಕನ್ನಡದಲ್ಲಿ ಹಾಡು ಬರೆದು, ರಾಗ ಹಾಕಿ, ಮನೆಯಲ್ಲೇ ಮುದ್ರಿಸಿ ಬಿಡುಗಡೆ ಮಾಡುವ ಯುವಕ ಯುವತಿಯರು ಈಗ ಬಹಳ ಜನ. ಬಸ್ರೂರಿನ ರವಿ ಬಸ್ರೂರರು ಅವರ ಕಣ್ಣ ಮುಂದಿದ್ದಾರೆ. 'ಉಗ್ರಂ' ಬಂದದ್ದು 2014ರಲ್ಲಿ, 'ಕೆಜಿಎಫ್' 2018ರಲ್ಲಿ. ದೇಶವೆಲ್ಲ ಕೇಳಿದ ಸಂಗೀತ ಮಾಡಿದವರು ಬಸ್ರೂರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡರು. ಇದನ್ನು ನೋಡಿದ ಹುಡುಗರು ಮೊದಲು ಹುಡುಕುವುದು ಯಾವ ಸಾಫ್ಟ್‌ವೇರು, ಯಾವ ಮೈಕು ಎಂಬುದನ್ನು. ಅದರ ಬಗ್ಗೆ ಸಲಹೆಯ ವಿಡಿಯೋಗಳಿಗೆ ಕೊನೆಯಿಲ್ಲ. ನನ್ನ ಸಲಹೆ ಚಿಕ್ಕದು. ಆಡಾಸಿಟಿ ಪೂರ್ತಿ ಉಚಿತ. ರೀಪರ್ ಅರವತ್ತು ದಿನ ಪರೀಕ್ಷೆಗೆ ಸಿಗುತ್ತದೆ, ಆಮೇಲೆ ಸಣ್ಣ ಬಳಕೆದಾರರಿಗೆ ಅರವತ್ತು ಡಾಲರು. ಯಾವುದಾದರೂ ಒಂದನ್ನು ಹಿಡಿದು, ಅದನ್ನು ಮಾಡಿದವರೇ ಬರೆದ ಕೈಪಿಡಿಯನ್ನು ಮೊದಲ ಪುಟದಿಂದ ಓದಿ. ಕೈಪಿಡಿ ಓದುವುದು ಬೇಸರದ ಕೆಲಸ ಹೌದು, ಆದರೆ ಅದರಲ್ಲಿ ಜಾಹೀರಾತಿಲ್ಲ, ಹೊಸ ಸಲಕರಣೆ ಕೊಳ್ಳಿ ಎಂಬ ಒತ್ತಾಯವಿಲ್ಲ.

ಇನ್ನು ಚೆಂಡೆಗೆ ಮೈಕು ಎಲ್ಲಿಡಬೇಕು, ಹಂಚಿನ ಮನೆಯಲ್ಲಿ ಜೂನ್ ತಿಂಗಳ ಮಳೆಯ ನಡುವೆ ದನಿ ಹೇಗೆ ಮುದ್ರಿಸಬೇಕು ಎಂಬುದಕ್ಕೆ ಹೊರದೇಶದ ಯಾವ ವಿಡಿಯೋವೂ ಉತ್ತರ ಕೊಡಲಾರದು. ಅದು ನಮ್ಮ ಮೈಕ್‌ಸೆಟ್ಟಿನವರಿಗೆ ಗೊತ್ತು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಹರಕೆ ಆಟಗಳಿಗೆ ವರ್ಷಕ್ಕೆ ನೂರಾರು ರಾತ್ರಿ ಚೆಂಡೆ, ಮದ್ದಳೆ, ಭಾಗವತರ ಕಂಠ ಮೂರನ್ನೂ ಬಯಲಿನಲ್ಲಿ ಹದವಾಗಿ ಕೇಳಿಸಿದವರು ಅವರು. ಒಂದು ತಿಂಗಳು ಅವರ ಜೊತೆ ವಯರು ಹೊತ್ತುಕೊಂಡು ತಿರುಗಿದ ಹುಡುಗ ಕಲಿಯುವುದನ್ನು ನಾನು ಕಂಡಿದ್ದೇನೆ. ಧಾರೇಶ್ವರರನ್ನು ಈ ಬರಹದ ಆರಂಭದಲ್ಲಿ ನೆನೆದದ್ದು ಇದಕ್ಕೂ ಸಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ಊರಿನ ಅನುಭವಕ್ಕಿಂತ ಅಂತರ್ಜಾಲವೇ ಮೇಲು: ಹಕ್ಕಿನ ವಿಷಯ. ಹಾಡು ಮಾಡಿದವರು ಅದನ್ನು ಯಾರದೋ ಚಾನೆಲ್ಲಿಗೆ ಬಾಯಿಮಾತಿನಲ್ಲಿ ಕೊಟ್ಟು, ವರ್ಷವಾದ ಮೇಲೆ ತಮ್ಮ ಹಾಡನ್ನು ತಾವೇ ಹಾಕಲಾಗದೆ ಪೇಚಾಡುವುದನ್ನು ಕೇಳುತ್ತಲೇ ಇದ್ದೇವೆ. 1957ರ ಕೃತಿಸ್ವಾಮ್ಯ ಕಾಯ್ದೆ ಪೂರ್ತಿಯಾಗಿ ಅಂತರ್ಜಾಲದಲ್ಲಿದೆ. ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ರಚಿಸಿದವರ ಜೀವಿತಾವಧಿ ಮತ್ತು ನಂತರದ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. 2012ರ ತಿದ್ದುಪಡಿಯ ನಂತರ, ಹಾಡು ಬರೆದವರೂ ರಾಗ ಹಾಕಿದವರೂ ತಮಗೆ ಬರಬೇಕಾದ ರಾಯಲ್ಟಿಯ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಆ ರಾಯಲ್ಟಿಯನ್ನು ಸಂಗ್ರಹಿಸಿ ಹಂಚುವ ಸಂಘ ಐಪಿಆರ್‌ಎಸ್ 1969ರಿಂದ ಇದೆ, ಸ್ವತಂತ್ರ ರಚನಕಾರರೂ ಸದಸ್ಯರಾಗಬಹುದು. ಇದನ್ನು 'ಹಣ ಗಳಿಸುವ ಹತ್ತು ದಾರಿ' ಎಂಬ ವಿಡಿಯೋಗಳಿಂದ ತಿಳಿಯಬೇಡಿ. ಕಾಯ್ದೆಯನ್ನೇ ಓದಿ, ತಿಳಿಯದ ಕಡೆ ಊರಿನ ವಕೀಲರೊಬ್ಬರನ್ನು ಕೇಳಿ.

ಕೊನೆಗೆ, ಪಾಠವೇ ಇಲ್ಲದ ವಿದ್ಯೆಗಳ ಮಾತು. ಬಾರ್ಕೂರು, ಮಂದಾರ್ತಿಯ ಸುತ್ತ ಕುಡುಬಿಯರು ಹೋಳಿಯ ಹೊತ್ತಿಗೆ ಗುಮಟೆ ಬಾರಿಸಿ ಕುಣಿಯುತ್ತಾರೆ. ಮಣ್ಣಿನ ಮಡಕೆಗೆ ಉಡದ ಚರ್ಮ ಬಿಗಿಯುತ್ತಿದ್ದ ವಾದ್ಯ ಅದು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಚರ್ಮ ಬಳಸುವಂತಿಲ್ಲ, ಬೇರೆ ಚರ್ಮದಲ್ಲಿ ನಾದವೂ ಬದಲಾಗಿದೆ. ಗುಮಟೆ ಕಲಿಸುವ ಕೋರ್ಸು ನಮ್ಮ ಕಡೆ ನಾನು ಕಂಡಿಲ್ಲ, ಬರುವ ಸೂಚನೆಯೂ ಇಲ್ಲ. ಹೋಳಿಯ ರಾತ್ರಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋಗಳೇ ಅದಕ್ಕಿರುವ ಪುಸ್ತಕ. ದೇವಸ್ಥಾನದ ವಾದ್ಯದವರು ಬಲಿ ಉತ್ಸವದಲ್ಲಿ ಯಾವ ಸುತ್ತಿಗೆ ಏನು ನುಡಿಸುತ್ತಾರೆ, ನಾಗಮಂಡಲದಲ್ಲಿ ವೈದ್ಯರು ಡಕ್ಕೆಗೆ ಹೇಗೆ ಹಾಡುತ್ತಾರೆ ಎಂಬುದಕ್ಕೂ ಅಷ್ಟೇ. ಇಂಥ ವಿಡಿಯೋಗಳನ್ನು ಕೇಳಿದಾಗೆಲ್ಲ ನನ್ನನ್ನು ಕಾಡುವ ಕೊರತೆ ಒಂದೇ. ನುಡಿಸಿದವರು ಯಾರು, ಎಲ್ಲಿ, ಯಾವ ವರ್ಷ ಎಂಬ ಒಂದು ಸಾಲೂ ಇರುವುದಿಲ್ಲ. 'ಸೂಪರ್' ಎಂದಷ್ಟೇ ಬರೆದಿರುತ್ತದೆ. ಅಮೆರಿಕದಿಂದ ಬಂದು ಹಿರಿಯಡಕ ಗೋಪಾಲ ರಾಯರ ಬಳಿ ಕಲಿತ ಮಾರ್ತಾ ಆ್ಯಷ್ಟನ್, ಬ್ರೂಸ್ ಕ್ರಿಸ್ಟಿಯವರ ಜೊತೆ ಸೇರಿ 1977ರಲ್ಲಿ ಯಕ್ಷಗಾನದ ಮೇಲೆ ಪುಸ್ತಕವನ್ನೇ ತಂದರು. ದೂರದೇಶದವರೊಬ್ಬರು ಅಷ್ಟು ಶ್ರದ್ಧೆಯಿಂದ ದಾಖಲಿಸಿದ ಕಲೆಗೆ, ನಾವು ಒಂದು ಸಾಲಿನ ವಿವರ ಬರೆಯಲಾರೆವೆ?

ಕಲಿಯುವವರಿಗೆ ಹೇಳಬೇಕಾದದ್ದನ್ನು ಹೇಳಿದ್ದೇನೆ. ಕಲಿತವರಿಗೂ ಕೇಳಿದವರಿಗೂ ಒಂದು ಬೇಡಿಕೆ ಇದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳ ಅಟ್ಟದಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಆಟ, ತಾಳಮದ್ದಳೆ, ಭಜನೆಯ ಕ್ಯಾಸೆಟ್ಟುಗಳಿವೆ. ನಮ್ಮ ಮಳೆಗಾಲದ ತೇವಕ್ಕೆ ಪ್ರತಿ ವರ್ಷ ಒಂದಿಷ್ಟು ಬೂಷ್ಟು ಹಿಡಿದು ಹೋಗುತ್ತಿವೆ. ಈ ವರ್ಷ ಮಳೆ ಹಿಡಿಯುವ ಮೊದಲು ಅವನ್ನು ಕೆಳಗಿಳಿಸಿ. ಹಾಡಿದವರ ಮನೆಯವರ ಒಪ್ಪಿಗೆ ಕೇಳಿ, ಪರಿಚಯದ ಮೈಕ್‌ಸೆಟ್ಟಿನವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಪ್ರಸಂಗ ಯಾವುದು, ಭಾಗವತರು, ಮದ್ದಳೆ, ಚೆಂಡೆ ಯಾರದು, ಯಾವ ಊರು, ಯಾವ ವರ್ಷ ಎಂದು ನೆನಪಿದ್ದಷ್ಟು ಕನ್ನಡದಲ್ಲಿ ಬರೆದು, ಕತ್ತರಿಸದೆ, ಇಡೀ ರಾತ್ರಿಯನ್ನು ಇಡೀ ರಾತ್ರಿಯಾಗಿಯೇ ಹಾಕಿ. ಬೈಂದೂರಿನ ಆ ಹುಡುಗ ಅದನ್ನು ಹುಡುಕುತ್ತಿದ್ದಾನೆ.